ಎಲೆಗಳ ಯುದ್ಧ: ಅಕ್ಬರನ ಗಂಜೀಫದಿಂದ ಮೊಬೈಲಿನವರೆಗೆ

(ವಿಜಯಪುರದಲ್ಲಿ ಪಾಲಕರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ಭಾಗದಲ್ಲಿ ‘ಇಸ್ಪೀಟು’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಪರಾಧ ಸುದ್ದಿಗಳ ಸಾಲಿನಲ್ಲಿ. ಊರಿನ ಹೊರವಲಯದಲ್ಲಿ ಇಸ್ಪೀಟು ಆಡುತ್ತಿದ್ದ ಇಷ್ಟು ಜನರ ಬಂಧನ, ಇಷ್ಟು ರೂಪಾಯಿ ವಶ ಎಂಬ ನಾಲ್ಕು ಸಾಲನ್ನು ವರದಿಗಾರನಾಗಿ ನಾನೂ ಹಲವು ಸಲ ಬರೆದಿದ್ದೇನೆ. ಹೀಗಾಗಿ ಮಗ ಮೊಬೈಲಿನಲ್ಲಿ ಎಲೆ ಹಾಕುತ್ತಿರುವುದನ್ನು ಕಂಡ ತಂದೆಗೆ ಮೊದಲು ನೆನಪಾಗುವುದು ಆ ಸುದ್ದಿಯೇ. ‘ಏನಪಾ, ಈಗ ಮೊಬೈಲ್‌ದಾಗೂ ಇಸ್ಪೀಟ ಶುರು ಮಾಡಿದೇನು?’ ಎಂಬ ಪ್ರಶ್ನೆ ಬರುತ್ತದೆ. ಮಗ ‘ಇದು ಆ ಆಟ ಅಲ್ಲಪ್ಪ’ ಎನ್ನುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ, ಅಥವಾ ಜಗಳವಾಗುತ್ತದೆ.

ತಂದೆಯ ಆತಂಕ ತಪ್ಪಲ್ಲ. ಮಗ ಹೇಳಿದ್ದೂ ಸುಳ್ಳಿರಲಾರದು. ಏಕೆಂದರೆ ಮೊಬೈಲಿನ ಪರದೆಯ ಮೇಲೆ ಎಲೆಗಳು ಕಂಡರೆ ಅದು ಮೂರು ಬೇರೆ ಬೇರೆ ವಸ್ತುಗಳಲ್ಲಿ ಯಾವುದಾದರೂ ಒಂದಾಗಿರಬಹುದು. ಒಂದು, ಹಣ ಕಟ್ಟಿ ಆಡುವ ಆಟ. ಎರಡು, ಹಣದ ಗೊಡವೆಯಿಲ್ಲದೆ ಎಲೆಗಳ ಮೂಲಕ ಯುದ್ಧ ನಡೆಸುವ ಲೆಕ್ಕಾಚಾರದ ಆಟ. ಮೂರು, ಪುಕ್ಕಟೆ ಎಂದು ಒಳಗೆ ಕರೆದು ಆಮೇಲೆ ಒಳಗಡೆಯೇ ಅಂಗಡಿ ತೆರೆದಿಡುವ ಆಟ. ದೂರದಿಂದ ನೋಡಿದರೆ ಮೂರೂ ಒಂದೇ. ಹತ್ತಿರ ಹೋದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಇಂದು ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ಎರಡನೆಯದರ ಬಗ್ಗೆ. ಅದನ್ನು ಸ್ವತಃ ಆಡುವವನಾಗಿ ಹಾಗೂ ಅದರ ಹಿಂದಿನ ಇತಿಹಾಸವನ್ನು ಓದಿ ಅಚ್ಚರಿಪಟ್ಟವನಾಗಿ ಈ ಮಾತುಗಳನ್ನು ಆಡುತ್ತಿದ್ದೇನೆ.

ಒಂದು ಸರದಿಯ ಲೆಕ್ಕ

ಉದಾಹರಣೆಗೆ ‘ಸ್ಲೇ ದ ಸ್ಪೈರ್’ ಎಂಬ ಆಟವನ್ನು ತೆಗೆದುಕೊಳ್ಳೋಣ. ಇದನ್ನು ರೂಪಿಸಿದವರು ಅಮೆರಿಕದ ಇಬ್ಬರು ತರುಣರು, ಆಂಥೊನಿ ಜಿಯೊವನ್ನೆಟ್ಟಿ ಮತ್ತು ಕೇಸಿ ಯಾನೊ. 2017ರಲ್ಲಿ ಪ್ರಾಯೋಗಿಕವಾಗಿ ಬಿಟ್ಟು, 2019ರಲ್ಲಿ ಪೂರ್ಣರೂಪದಲ್ಲಿ ಹೊರತಂದರು. ಆಮೇಲೆ ಮೊಬೈಲಿಗೂ ಬಂತು. ಒಮ್ಮೆ ಬೆಲೆ ಕೊಟ್ಟು ಕೊಂಡರೆ ಮುಗಿಯಿತು, ಮುಂದೆ ಅದು ಹಣ ಕೇಳುವುದಿಲ್ಲ.

ಒಬ್ಬ ಯೋಧ ಒಂದು ಗೋಪುರವನ್ನು ಏರುತ್ತಾನೆ. ದಾರಿಯಲ್ಲಿ ಎದುರಾಗುವ ಶತ್ರುಗಳೊಡನೆ ಕಾದಾಡುತ್ತಾನೆ. ಕಾದಾಟ ಕತ್ತಿಯಿಂದಲ್ಲ, ಎಲೆಗಳಿಂದ. ಮೊದಲ ಯೋಧನಿಗೆ ಆರಂಭದಲ್ಲಿ ಸಿಗುವುದು 10 ಎಲೆ: 5 ಹೊಡೆತದ ಎಲೆ, 4 ಗುರಾಣಿಯ ಎಲೆ, 1 ವಿಶೇಷ ಪೆಟ್ಟಿನ ಎಲೆ. ಪ್ರತಿ ಸರದಿಯಲ್ಲಿ 5 ಎಲೆ ಕೈಗೆ ಬರುತ್ತವೆ. ಆದರೆ ಖರ್ಚು ಮಾಡಲು ಸಿಗುವ ಶಕ್ತಿ 3 ಮಾತ್ರ. ಸಾಮಾನ್ಯ ಎಲೆಯೊಂದಕ್ಕೆ 1 ಶಕ್ತಿ ಬೇಕು. ಅಂದರೆ ಕೈಯಲ್ಲಿ ಐದಿದ್ದರೂ ಹಾಕಬಹುದಾದದ್ದು ಮೂರು. ಯಾವ ಮೂರು ಎಂಬುದೇ ಆಟ.

ಹೊಡೆತದ ಒಂದು ಎಲೆ ಶತ್ರುವಿನ 6 ಅಂಕ ಜೀವ ಕಳೆಯುತ್ತದೆ. ಗುರಾಣಿಯ ಒಂದು ಎಲೆ ನಮಗೆ ಬೀಳುವ ಪೆಟ್ಟಿನಲ್ಲಿ 5 ಅಂಕ ತಡೆಯುತ್ತದೆ. ಶತ್ರು ಈ ಸಲ ಏನು ಮಾಡಲಿದ್ದಾನೆ ಎಂಬುದು ಅವನ ತಲೆಯ ಮೇಲೆ ಮೊದಲೇ ಬರೆದಿರುತ್ತದೆ. 11 ಅಂಕದ ಪೆಟ್ಟು ಬರಲಿದೆ ಎಂದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ 3 ಹೊಡೆತ, 2 ಗುರಾಣಿ ಇವೆ. ಹೊಸಬರು ಹೆದರಿ ಎರಡೂ ಗುರಾಣಿ ಹಿಡಿಯುತ್ತಾರೆ. 10 ಅಂಕ ತಡೆದು 1 ಅಂಕ ಕಳೆದುಕೊಳ್ಳುತ್ತಾರೆ, ಉಳಿದ ಶಕ್ತಿಯಲ್ಲಿ ಒಂದು ಸಲ ಹೊಡೆಯುತ್ತಾರೆ. ಆದರೆ ಶತ್ರುವಿಗೆ ಉಳಿದಿರುವ ಜೀವ 18 ಎಂದಾದರೆ? ಮೂರೂ ಹೊಡೆತ ಹಾಕಿದರೆ ಮೂರಾರಲಿ ಹದಿನೆಂಟು. ಶತ್ರುವೇ ಉರುಳುವುದರಿಂದ ಅವನ ಪೆಟ್ಟು ಬೀಳುವುದೇ ಇಲ್ಲ. ಅವನ ಜೀವ 19 ಆಗಿದ್ದರೆ ಇದೇ ಉತ್ತರ ತಪ್ಪಾಗುತ್ತದೆ. ಒಂದು ಅಂಕ ಉಳಿಸಿಕೊಂಡ ಶತ್ರು 11 ಅಂಕದ ಪೆಟ್ಟು ಕೊಟ್ಟೇ ಕೊಡುತ್ತಾನೆ. ಒಂದು ಕಾಳಗದಲ್ಲಿ ಕಳೆದುಕೊಂಡ ಜೀವ ಮುಂದಿನ ಕಾಳಗಕ್ಕೆ ಪೂರ್ತಿ ತುಂಬಿ ಬರುವುದಿಲ್ಲ. ಆದ್ದರಿಂದ ಒಂದೊಂದು ಅಂಕವೂ ಮುಖ್ಯ.

ಇದರಲ್ಲಿ ಅದೃಷ್ಟ ಇಲ್ಲವೇ? ಇದೆ. ಯಾವ ಐದು ಎಲೆ ಬರುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಂದ ಐದನ್ನು ಹೇಗೆ ಬಳಸುತ್ತೇವೆ ಎಂಬುದು ಮಾತ್ರ ನಮ್ಮದು. ಆಟದ ರುಚಿ ಇರುವುದೇ ಈ ಎರಡರ ನಡುವೆ. ಕೆಟ್ಟ ಎಲೆ ಬಂದಾಗಲೂ ಅದರಿಂದಲೇ ದಾರಿ ಹುಡುಕಿ ಪಾರಾದಾಗ ಸಿಗುವ ಸಂತೋಷ, ಒಳ್ಳೆಯ ಎಲೆ ಬಂದು ಸುಲಭವಾಗಿ ಗೆದ್ದಾಗ ಸಿಗುವುದಿಲ್ಲ. ಇದು ಕಬಡ್ಡಿ ಆಡಿದವರಿಗೂ ಚದುರಂಗ ಆಡಿದವರಿಗೂ ಗೊತ್ತಿರುವ ಸಂತೋಷವೇ.

ಕಡಿಮೆ ಎಲೆಯ ಗುಟ್ಟು

ಪ್ರತಿ ಕಾಳಗ ಗೆದ್ದ ನಂತರ ಮೂರು ಹೊಸ ಎಲೆಗಳನ್ನು ಮುಂದಿಡುತ್ತಾರೆ. ಒಂದನ್ನು ತೆಗೆದುಕೊಳ್ಳಬಹುದು, ಬೇಡ ಎಂದೂ ಮುಂದೆ ಹೋಗಬಹುದು. ಪುಕ್ಕಟೆ ಸಿಗುವುದನ್ನು ಯಾರು ಬಿಡುತ್ತಾರೆ? ಹೊಸಬರು ಪ್ರತಿ ಸಲವೂ ಒಂದನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಯೇ ಸೋಲಿನ ಬೀಜವಿದೆ.

ಲೆಕ್ಕ ಸರಳ. ಕಟ್ಟಿನಲ್ಲಿ 10 ಎಲೆಗಳಿದ್ದರೆ, ಸರದಿಗೆ ಐದರಂತೆ ಪ್ರತಿ ಎಲೆಯೂ ಎರಡು ಸರದಿಗೊಮ್ಮೆ ಕೈಗೆ ಬರುತ್ತದೆ. 20 ಎಲೆಗಳಾದರೆ ನಾಲ್ಕು ಸರದಿಗೊಮ್ಮೆ. ಕಾಳಗವೊಂದು ನಾಲ್ಕು ಸರದಿಯಲ್ಲಿ ಮುಗಿಯುವುದಾದರೆ, ನಿಮ್ಮ ಅತ್ಯುತ್ತಮ ಎಲೆ ಚಿಕ್ಕ ಕಟ್ಟಿನಲ್ಲಿ ಎರಡು ಸಲ, ದೊಡ್ಡ ಕಟ್ಟಿನಲ್ಲಿ ಒಂದೇ ಸಲ ಒದಗುತ್ತದೆ. ಆದ್ದರಿಂದ ಪಳಗಿದ ಆಟಗಾರ ಹಣ ಕೊಟ್ಟು ಎಲೆ ತೆಗೆಸುತ್ತಾನೆ. ಇಲ್ಲಿ ಹಣವೆಂದರೆ ಆಟದೊಳಗಿನ ಚಿನ್ನದ ನಾಣ್ಯ, ಮನೆಯ ರೂಪಾಯಿಯಲ್ಲ.

ತಿಕೋಟಾ, ಬಬಲೇಶ್ವರ ಕಡೆಯಿಂದ ಬಂದಿರುವ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಿ ಬಿಟ್ಟ ಗೊಂಚಲನ್ನೆಲ್ಲ ಉಳಿಸಿಕೊಂಡರೆ ಹಣ್ಣು ದಪ್ಪವಾಗುವುದಿಲ್ಲ. ಹೆಚ್ಚಾದದ್ದನ್ನು ಕಿತ್ತು ಹಾಕಿದರೆ ಉಳಿದದ್ದು ತುಂಬಿ ಬರುತ್ತದೆ. ಕೈಗೆ ಬಂದ ಗೊಂಚಲನ್ನು ಕೀಳಲು ಮೊದಲ ವರ್ಷದ ರೈತನಿಗೆ ಮನಸ್ಸು ಬಾರದು. ಅನುಭವಸ್ಥನಿಗೆ ಕೈ ನಡುಗುವುದಿಲ್ಲ. ‘ಬೇಡ’ ಎನ್ನುವುದೂ ಒಂದು ನಿರ್ಧಾರ ಎಂಬ ಪಾಠವನ್ನು ಈ ಆಟ ಹುಡುಗರಿಗೆ ತೋಟಕ್ಕಿಳಿಯುವ ಮೊದಲೇ ಕಲಿಸುತ್ತದೆ.

ಅಕ್ಬರನ ಎಲೆಯಲ್ಲಿ ವಿಜಯಪುರದ ಅರಸ

ಎಲೆಗಳ ಮೂಲಕ ಯುದ್ಧ ನಡೆಸುವ ಈ ಕಲ್ಪನೆ ಅಮೆರಿಕದಿಂದ ಬಂದ ಹೊಸ ಸರಕೆಂದು ನಮ್ಮ ಹುಡುಗರೂ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಇಸ್ಪೀಟಿನ 52 ಎಲೆಗಳು ಮನೆಮಾತಾಗುವ ಮೊದಲು ಈ ದೇಶದಲ್ಲಿ ಗಂಜೀಫ ಎಂಬ ಆಟವಿತ್ತು. 1527ರಲ್ಲಿ ಬಾಬರ ಸಿಂಧ್‌ನ ದೊರೆ ಶಾಹ ಹಸನನಿಗೆ, ಅವನಿಗೆ ಆಸೆಯಿತ್ತೆಂದು, ಗಂಜೀಫದ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಅಕ್ಬರನ ಮಂತ್ರಿ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಈ ಆಟಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಹಳೆಯ ಕ್ರಮದಲ್ಲಿ 12 ಬಣಗಳು, ಬಣಕ್ಕೆ 12 ಎಲೆ, ಒಟ್ಟು 144. ಪ್ರತಿ ಬಣಕ್ಕೂ ಒಬ್ಬ ರಾಜ, ಒಬ್ಬ ವಜೀರ, ಆಮೇಲೆ ಒಂದರಿಂದ ಹತ್ತರವರೆಗಿನ ಎಲೆಗಳು. ಮೊದಲ ಬಣ ಅಶ್ವಪತಿ, ಕುದುರೆ ದಂಡಿನ ಒಡೆಯ. ಅವನು ದಿಲ್ಲಿಯ ದೊರೆಯಂತೆ. ಎರಡನೆಯದು ಗಜಪತಿ, ಆನೆಗಳ ಒಡೆಯ. ಅವನು ಒಡಿಶಾದ ದೊರೆಯಂತೆ. ಮೂರನೆಯದು ನರಪತಿ, ಕಾಲಾಳುಗಳ ಬಲದಿಂದ ಆಳುವವನು. ಅವನಿಗೆ ಅಬುಲ್ ಫಜಲ್ ಕೊಡುವ ಹೋಲಿಕೆ ಬೇರೆ ಯಾರೂ ಅಲ್ಲ, ನಮ್ಮ ವಿಜಾಪುರದ ಅರಸರು. ಆ ಬಣದ ರಾಜ ಸಿಂಹಾಸನದ ಮೇಲೆ ಕುಳಿತಿರುತ್ತಾನೆ, ಒಂದರಿಂದ ಹತ್ತರ ಎಲೆಗಳಲ್ಲಿ ಅಷ್ಟಷ್ಟು ಕಾಲಾಳುಗಳಿರುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನರಪತಿ ಎಂಬ ಬಿರುದು ದಕ್ಷಿಣದಲ್ಲಿ ವಿಜಯನಗರದ ಅರಸರಿಗೆ ಸಲ್ಲುತ್ತಿತ್ತು. ಸುಲ್ತಾನರನ್ನು ಅಶ್ವಪತಿಗಳೆಂದು ಕರೆಯುತ್ತಿದ್ದರು. 1565ರ ತಾಳಿಕೋಟೆ ಕದನದಲ್ಲಿ ನರಪತಿಯ ಬಲ ಮುರಿಯಿತು. ಅದಾದ ಕೆಲವು ದಶಕಗಳ ಮೇಲೆ ಬರೆದ ಈ ಗ್ರಂಥದಲ್ಲಿ, ಉತ್ತರದವರ ಕಣ್ಣಿಗೆ ಗೆದ್ದ ವಿಜಾಪುರವೇ ನರಪತಿಯಾಗಿದೆ. ರಾಜಕೀಯ ಭೂಪಟವನ್ನೇ ಎಲೆಗಳ ಕಟ್ಟಿನಲ್ಲಿ ಹಿಡಿದಿಟ್ಟು ಆಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮುಂದೆ ಹೆಚ್ಚು ಬಳಕೆಗೆ ಬಂದದ್ದು 8 ಬಣಗಳ, 96 ಎಲೆಗಳ ಗಂಜೀಫ. ಕಿರೀಟ, ಖಡ್ಗ, ಸೇವಕ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ಹುಂಡಿ, ಸರಕು, ತಂತಿವಾದ್ಯ ಎಂದು ಬಣಗಳು. ಒಂದು ರಾಜ್ಯ ನಡೆಯಲು ಬೇಕಾದುದೆಲ್ಲ ಅಲ್ಲಿದೆ. ಹಿಂದೂ ಮನೆತನಗಳಲ್ಲಿ ಇದೇ ಆಟ ದಶಾವತಾರದ ರೂಪ ತಾಳಿ 10 ಬಣ, 120 ಎಲೆಯಾಯಿತು. ಹಗಲು ಆಡಿದರೆ ರಾಮನ ಎಲೆಯಿಂದ, ರಾತ್ರಿ ಆಡಿದರೆ ಕೃಷ್ಣನ ಎಲೆಯಿಂದ ಆಟದ ಆರಂಭ.

ಆಡುವವರು ಸಾಮಾನ್ಯವಾಗಿ ಮೂವರು. 96 ಎಲೆಯ ಕಟ್ಟಾದರೆ ತಲೆಗೆ 32. ಅರ್ಧ ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ತಿರುವುಮುರುವು, ಒಂದೇ ದೊಡ್ಡದು. ಯಾವ ಎಲೆ ಬಿದ್ದು ಹೋಯಿತು, ಯಾವುದು ಇನ್ನೂ ಎದುರಾಳಿಯ ಕೈಯಲ್ಲಿದೆ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡವನೇ ಗೆಲ್ಲುತ್ತಿದ್ದ. ನಮ್ಮ ಗಡಿ ಭಾಗದಲ್ಲಿ ಮೆಂಡಿಕೋಟ್ ಆಡಿದವರಿಗೆ ಈ ಕಸರತ್ತು ಗೊತ್ತು. ನಾಲ್ಕು ಹತ್ತುಗಳಲ್ಲಿ ಎಷ್ಟು ಬಿದ್ದವು, ಯಾರು ಯಾವ ಬಣದಲ್ಲಿ ಖಾಲಿ ಎಂದು ಲೆಕ್ಕವಿಡದವನೊಡನೆ ಯಾರೂ ಜೋಡಿಯಾಗುವುದಿಲ್ಲ.

ಇಂದಿನ ಮೊಬೈಲ್ ಆಟ ಈ ನೆನಪಿನ ಭಾರವನ್ನು ಇಳಿಸಿದೆ. ಹಾಕಿ ಮುಗಿದ ಎಲೆಗಳನ್ನು ಬೇಕಾದಾಗ ತೆರೆದು ನೋಡಬಹುದು. ಉಳಿಯುವುದು ಯೋಚನೆಯ ಭಾರ ಮಾತ್ರ. ಇದು ಲಾಭವೋ ನಷ್ಟವೋ ಎಂದು ಹಳೆಯ ಆಟಗಾರರು ಚರ್ಚಿಸಬಹುದು. ನನ್ನ ಮಟ್ಟಿಗೆ ಸ್ವಲ್ಪ ನಷ್ಟವೇ.

ರಾಜ್ಯವಿಲ್ಲದ ರಾಜನ ಆಟಗಳು

ಗಂಜೀಫದ ಎಲೆಗಳು ಹೆಚ್ಚಾಗಿ ದುಂಡಗೆ. ಅರಮನೆಯವು ದಂತದಲ್ಲಿ, ಆಮೆಚಿಪ್ಪಿನಲ್ಲಿ ಆಗುತ್ತಿದ್ದವು. ಪೇಟೆಯವು ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಅಂಟಿಸಿ, ಸುಣ್ಣದ ಪುಡಿ ಬಳಿದು, ಚಿತ್ರ ಬರೆದು, ಅರಗಿನ ಹೊಳಪು ಕೊಟ್ಟು ಮಾಡಿದವು. ಒಂದು ಕಾಲಕ್ಕೆ ವಿಜಾಪುರದ ಆದಿಲ್‌ಶಾಹಿಗೆ ನಡೆದುಕೊಂಡಿದ್ದ ಸಾವಂತರ ಮನೆತನ ಇಂದಿನ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಈ ಕಲೆಯನ್ನು ಪೋಷಿಸಿತು. ಅಳಿವಿನ ಅಂಚಿಗೆ ಬಂದಿದ್ದ ಅದನ್ನು 1970ರ ದಶಕದಲ್ಲಿ ಅದೇ ರಾಜಮನೆತನದವರು ಮತ್ತೆ ಎತ್ತಿ ನಿಲ್ಲಿಸಿದರು.

ನಮ್ಮ ರಾಜ್ಯದಲ್ಲಿ ಈ ಆಟಕ್ಕೆ ಬೇರೆಯದೇ ಎತ್ತರ ಕೊಟ್ಟವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ, ಟಿಪ್ಪು ಸುಲ್ತಾನನ ಪತನದ ನಂತರ, ಇನ್ನೂ ಬಾಲಕನಾಗಿದ್ದಾಗ ಪಟ್ಟಕ್ಕೆ ಬಂದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಕೈಗೆ ಮರಳಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಗ್ರಂಥದ ಕೊನೆಯ ಭಾಗ ‘ಕೌತುಕನಿಧಿ’ಯಲ್ಲಿ 13 ಬಗೆಯ ಎಲೆಯಾಟಗಳ ವಿವರವಿದೆ. ಇವುಗಳ ಹೆಸರು ‘ಛದ’. ಸಂಸ್ಕೃತದಲ್ಲಿ ಛದವೆಂದರೆ ಎಲೆಯೇ. ಕೃಷ್ಣರಾಜ ಛದಕ್ಕೆ 72 ಎಲೆ: 4 ಬಣ, ಬಣಕ್ಕೆ 12 ಅಂಕಿಯ ಎಲೆ ಮತ್ತು 6 ಚಿತ್ರದ ಎಲೆ. ಚಾಮುಂಡೇಶ್ವರಿ ಛದಕ್ಕೆ 320, ಜಗನ್ಮೋಹನ ಛದಕ್ಕೆ 360. ಚದುರಂಗದಲ್ಲಿ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಸಮಸ್ಯೆಯನ್ನೂ ಅವರು ಬಿಡಿಸಿದ್ದರು.

ಇಷ್ಟು ತೊಡಕಿನ ಆಟಗಳು ಜನಬಳಕೆಗೆ ಬಂದದ್ದು ಕಡಿಮೆ. ಆದರೂ ನೆನೆಯಬೇಕಾದ ಮಾತೆಂದರೆ, ರಾಜ್ಯಭಾರ ಕಳೆದುಕೊಂಡ ರಾಜನೊಬ್ಬ ಎಲೆಯಾಟವನ್ನು ಕಾಲಹರಣವೆಂದು ನೋಡಲಿಲ್ಲ. ದೇವತೆಗಳ, ರಾಗಗಳ, ವಿದ್ಯೆಗಳ ಜೊತೆ ಒಂದೇ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟ. ನಮ್ಮ ಕಾಲದಲ್ಲಿ ಗಂಜೀಫ ರಘುಪತಿ ಭಟ್ಟರಂಥ ಕಲಾವಿದರು ಈ ಚಿತ್ರಕಲೆಯನ್ನು ಮತ್ತೆ ಜನರ ಮುಂದೆ ತಂದರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಚಿತ್ರ ಉಳಿದಷ್ಟು ಆಟ ಉಳಿಯಲಿಲ್ಲ. ಅಗ್ಗದ ಮುದ್ರಿತ ಇಸ್ಪೀಟು ಬಂತು, ಅದರೊಡನೆ ಹಣ ಕಟ್ಟುವುದೂ ಬೆಳೆಯಿತು. ಕೊನೆಗೆ ಎಲೆಯಾಟವೆಂದರೆ ಜೂಜು ಎಂಬ ಒಂದೇ ಅರ್ಥ ಉಳಿಯಿತು.

ಜೂಜು ಎಲ್ಲಿಂದ ಶುರು?

ಈ ಗೆರೆಯನ್ನು ಎಳೆಯಲು ನಮ್ಮ ನ್ಯಾಯಾಲಯಗಳೂ ಶ್ರಮಪಟ್ಟಿವೆ. 1960ರ ದಶಕದ ಕೊನೆಯಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು ಎಂಬುದು ಅದಕ್ಕೆ ಕಾರಣ. ಮೂರೆಲೆಯ ಆಟ ಹಾಗಲ್ಲ, ಅದು ಶುದ್ಧ ಅದೃಷ್ಟ ಎಂದೂ ಹೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಅಂಗೀಕರಿಸಿತು. ಅದು ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನು ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ಹಣದ ಪಣವಿಲ್ಲದ ಆಟಗಳನ್ನು ಬೇರೆಯಾಗಿ ನೋಡುತ್ತದೆ.

ಸಾಮಾನ್ಯ ಮನುಷ್ಯನ ತಿಳಿವಳಿಕೆಗೂ ಇದು ಹತ್ತಿರ. ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಹರಡಿದ ಹೊತ್ತಿಗೆ ಮೋಡ ಕವಿಯುವುದು ರೈತನ ಕೈಯಲ್ಲಿಲ್ಲ. ಹಾಗೆಂದು ಕೃಷಿಯನ್ನು ಯಾರೂ ಜೂಜೆನ್ನುವುದಿಲ್ಲ. ಅದೃಷ್ಟ ಇರುವುದರಿಂದ ಯಾವುದೂ ಜೂಜಾಗುವುದಿಲ್ಲ. ದುಡಿಮೆ, ವಿವೇಕಗಳನ್ನು ಬಿಟ್ಟು ಅದೃಷ್ಟದ ಮೇಲೆಯೇ ಹಣ ಹೂಡಿದಾಗ ಅದು ಜೂಜು.

ಮುಚ್ಚಿದ ಪೊಟ್ಟಣ

ಹಾಗಾದರೆ ಪಣವಿಲ್ಲದ ಆಟವೆಲ್ಲ ಸುರಕ್ಷಿತವೇ? ಅಲ್ಲ. ಇಲ್ಲಿಯೇ ಪಾಲಕರು ಹೆಚ್ಚು ಎಚ್ಚರವಾಗಿರಬೇಕು.

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ ರೂಪಿಸಿದ. ಎಲ್ಲರಿಗೂ ಒಂದೇ ಕಟ್ಟು ಎಂಬ ಹಳೆಯ ಪದ್ಧತಿ ಬಿಟ್ಟು, ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರುವ ಕ್ರಮ ಅದರಿಂದ ಜನಪ್ರಿಯವಾಯಿತು. ಇಂದಿನ ಎಲೆ ಯುದ್ಧಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಆದರೆ ಅದರ ಎಲೆಗಳು ಮಾರಾಟವಾದದ್ದು ಮುಚ್ಚಿದ ಪೊಟ್ಟಣದಲ್ಲಿ. ಒಳಗೆ ಏನಿದೆ ಎಂದು ಒಡೆದ ಮೇಲೆಯೇ ತಿಳಿಯಬೇಕು. 2014ರ ‘ಹಾರ್ತ್‌ಸ್ಟೋನ್’ ಇದನ್ನು ಕಂಪ್ಯೂಟರಿನಲ್ಲಿ ಜನಪ್ರಿಯಗೊಳಿಸಿತು. 2016ರ ‘ಕ್ಲ್ಯಾಷ್ ರಾಯಲ್’ ಮೂರು ನಿಮಿಷದ ಕಾಳಗವಾಗಿ ಮೊಬೈಲಿಗೆ ಒಗ್ಗಿಸಿತು. ಎಂಟೇ ಎಲೆಗಳ ಆ ಆಟದಲ್ಲೂ ಯೋಚನೆಗೆ ಬೇಕಾದಷ್ಟು ಕೆಲಸವಿದೆ. ಆದರೆ ಹಣ ಕೊಟ್ಟವನ ಎಲೆ ಬೇಗ ಬಲಿಯುತ್ತದೆ. ಸೋತ ಹುಡುಗನಿಗೆ ‘ಇನ್ನಷ್ಟು ಯೋಚಿಸು’ ಎನ್ನುವ ಬದಲು ‘ಇನ್ನಷ್ಟು ಕೊಳ್ಳು’ ಎಂಬ ದಾರಿ ಕಾಣುತ್ತದೆ.

ಈ ಗೊಂದಲ ನಮ್ಮೊಬ್ಬರದ್ದೇ ಅಲ್ಲ. 2024ರಲ್ಲಿ ಬಂದ ‘ಬಲಾಟ್ರೊ’ ಎಂಬ ಆಟದಲ್ಲಿ ಇಸ್ಪೀಟಿನ ಎಲೆಗಳಿಂದಲೇ ಅಂಕ ಕೂಡಿಸಬೇಕು, ಹಣದ ಪಣವಿಲ್ಲ. ಆದರೂ ಯುರೋಪಿನಲ್ಲಿ ಆಟಗಳಿಗೆ ವಯೋಮಿತಿ ನಿಗದಿ ಮಾಡುವ ಸಂಸ್ಥೆ ಎಲೆಗಳ ಚಿತ್ರ ನೋಡಿ ಅದಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಎಂಬ ಮುದ್ರೆ ಒತ್ತಿತು. ಅದೇ ಹೊತ್ತಿಗೆ ಮುಚ್ಚಿದ ಪೊಟ್ಟಣಗಳನ್ನು ಹಣಕ್ಕೆ ಮಾರುವ ಫುಟ್‌ಬಾಲ್ ಆಟಕ್ಕೆ 3 ವರ್ಷದವರೂ ಆಡಬಹುದೆಂಬ ಮುದ್ರೆಯಿತ್ತು. ಮೇಲ್ಮನವಿಯ ನಂತರ 2025ರಲ್ಲಿ ಬಲಾಟ್ರೊದ ಮಿತಿಯನ್ನು 12ಕ್ಕೆ ಇಳಿಸಿದರು. ಬೆಲ್ಜಿಯಂ ಇದಕ್ಕೂ ಮೊದಲೇ, 2018ರಲ್ಲಿ, ಹಣ ಕೊಟ್ಟು ಒಡೆಯುವ ಇಂಥ ಪೊಟ್ಟಣಗಳು ಜೂಜಿನ ಕಾಯ್ದೆಗೆ ಒಳಪಡುತ್ತವೆಂದು ಹೇಳಿತ್ತು. ಎಲೆಯ ಚಿತ್ರ ನೋಡಿ ಹೆದರಿದರೆ ಸಾಲದು, ಅಂಗಡಿ ಎಲ್ಲಿದೆ ಎಂದು ನೋಡಬೇಕು ಎಂಬುದು ಇದರ ಪಾಠ.

ಕೇಳಬೇಕಾದ ಮೂರು ಪ್ರಶ್ನೆ

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮೊಬೈಲ್ ಕಸಿದುಕೊಳ್ಳುವ ಮೊದಲು ಮಗ ಅಥವಾ ಮಗಳ ಪಕ್ಕ ಹತ್ತು ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಿ.

ಮೊದಲನೆಯದು: ಈ ಆಟ ಮತ್ತೆ ಮತ್ತೆ ದುಡ್ಡು ಕೇಳುತ್ತದೆಯೇ? ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಎಂದು ಮೊದಲೇ ತಿಳಿಯುತ್ತದೆಯೇ? ತಿಳಿಯದಿದ್ದರೆ ಅಲ್ಲಿ ಎಚ್ಚರ ಬೇಕು.

ಎರಡನೆಯದು: ಈ ಆಟಕ್ಕೆ ಕೊನೆ ಇದೆಯೇ? ಗೋಪುರ ಏರುವ ಆಟ ಒಂದು ಸುತ್ತಿಗೆ ಸುಮಾರು ಒಂದು ತಾಸು ತಿನ್ನುತ್ತದೆ. ಸೋತರೂ ಗೆದ್ದರೂ ಅಲ್ಲಿಗೆ ಒಂದು ಅಧ್ಯಾಯ ಮುಗಿಯುತ್ತದೆ. ಆದರೆ ‘ಇನ್ನೊಂದೇ ಸುತ್ತು’ ಎಂಬ ಆಸೆ ಬಲವಾದದ್ದು. ಹಣ ಹೋಗದಿದ್ದರೂ ರಾತ್ರಿಯ ನಿದ್ದೆ, ಪರೀಕ್ಷೆಯ ಓದು ಹೋಗಬಹುದು. ದಿನಕ್ಕೆ ಒಂದು ಸುತ್ತು ಎಂಬ ಕಟ್ಟುಪಾಡನ್ನು ಮಕ್ಕಳೊಂದಿಗೆ ಮಾತಾಡಿಯೇ ಹಾಕಿಕೊಳ್ಳಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ‘ಯಾಕ ಸೋತಿ?’ ‘ನಸೀಬ ಛಲೋ ಇರಲಿಲ್ಲ’ ಎಂದಷ್ಟೇ ಉತ್ತರ ಬಂದರೆ ಆ ಆಟದಿಂದ ಕಲಿಯುವುದೇನೂ ಇಲ್ಲ. ‘ಮೂರನೇ ಕಾಳಗದಾಗ ಬ್ಯಾಡಾದ ಎಲಿ ತೊಗೊಂಡೆ, ಅದಕ್ಕ ಗುರಾಣಿ ಬೇಕಾದಾಗ ಕೈಗೆ ಬರಲಿಲ್ಲ’ ಎಂದು ವಿವರಿಸಿದರೆ, ಆ ಹುಡುಗ ತನ್ನ ನಿರ್ಧಾರವನ್ನು ತಾನೇ ಪರಿಶೀಲಿಸುವುದನ್ನು ಕಲಿಯುತ್ತಿದ್ದಾನೆ. ದೊಡ್ಡವರಲ್ಲೂ ಎಲ್ಲರಿಗೂ ಬರುವ ವಿದ್ಯೆಯಲ್ಲ ಅದು.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಮೆಂಡಿಕೋಟ್ ಬಲ್ಲ ಅಜ್ಜನೋ ಮಾವನೋ ಇದ್ದರೆ, ಹಣ ಕಟ್ಟದೆ ಅವರೊಡನೆ ನಾಲ್ಕು ಆಟ ಆಡಿ ನೋಡಿ. ಪರದೆಯ ಮೇಲಿನ ಶತ್ರು ತಾನು ಮಾಡುವುದನ್ನು ತಲೆಯ ಮೇಲೆ ಬರೆದು ತೋರಿಸುತ್ತಾನೆ. ಅಜ್ಜ ತೋರಿಸುವುದಿಲ್ಲ. ಅವರ ಮುಖ ನೋಡಿ, ಬಿದ್ದ ಎಲೆ ನೆನಪಿಟ್ಟು, ನೀವೇ ಕಂಡುಹಿಡಿಯಬೇಕು.